ಸೈಟಿನ ರೇಟು ಓಡುತ್ತೆ, ಬಾಡಿಗೆ ಯಾಕೆ ಕೂತಲ್ಲೇ ಕೂತಿದೆ?

ಹೋದ ಆಷಾಢದಲ್ಲಿ ನಮ್ಮ ಮಹಡಿ ಮನೆ ಖಾಲಿಯಾಯಿತು. ಶಿವಮೊಗ್ಗದ ಗೋಪಾಳದಲ್ಲಿ ನಾವು ಕೆಳಗಿದ್ದೇವೆ, ಮೇಲಿನ ಎರಡು ಬೆಡ್‌ರೂಮಿನ ಪೋರ್ಷನ್ ಬಾಡಿಗೆಗೆ. ಇದ್ದವರಿಗೆ ಹಾಸನಕ್ಕೆ ವರ್ಗವಾಯಿತು. ಒಳ್ಳೆಯ ಜನ, ಹೋಗುವಾಗ ಗೋಡೆಯ ಮೊಳೆ ಕಿತ್ತು ತೂತು ಮುಚ್ಚಿ ಹೋದರು. ಆದರೆ ಆಷಾಢ ನೋಡಿ. ಆಷಾಢದಲ್ಲಿ ಹೊಸ ಮನೆಯಲ್ಲಿ ಹಾಲುಕ್ಕಿಸುವವರು ಯಾರು? 'ಮನೆ ಬಾಡಿಗೆಗಿದೆ' ಅಂತ ಬೋರ್ಡು ತಗುಲಿಸಿ ಕೂತೆ. ಮಳೆಗೆ ಬೋರ್ಡಿನ ಫೋನ್ ನಂಬರು ತೊಳೆದುಹೋಯಿತೇ ಹೊರತು ಯಾರ ಫೋನೂ ಬರಲಿಲ್ಲ.

ಅದೇ ವಾರ ನಮ್ಮ ರಸ್ತೆಯ ಕೊನೆಯಲ್ಲಿದ್ದ 30x40 ಅಡಿಯ ಒಂದು ಸೈಟು ಮಾರಾಟವಾಯಿತು. ರೇಟು ಕೇಳಿ ನನ್ನ ಹೆಂಡತಿ "ನಮ್ಮ ಜಾಗಕ್ಕೂ ಅಷ್ಟು ಬರುತ್ತಾ?" ಅಂತ ಎರಡು ಸಲ ಕೇಳಿದಳು. ಬರುತ್ತೆ. ಲೆಕ್ಕಕ್ಕೆ ನಾವು ದೊಡ್ಡ ಕುಳ. ಮೇಲಿನ ಮನೆಗೆ ತಿಂಗಳಿಗೆ 12 ಸಾವಿರ ಕೊಡುವವರು ಮಾತ್ರ ಸಿಗುತ್ತಿಲ್ಲ. ಒಂದೇ ರಸ್ತೆ, ಒಂದೇ ವಾರ, ಸೈಟಿಗೆ ನಾ ಮುಂದು ತಾ ಮುಂದು ಅಂತ ಬಂದ ಜನ ಬಾಡಿಗೆ ಮನೆಗೆ ಯಾಕೆ ಬರಲಿಲ್ಲ? ಊರಲ್ಲಿ ಸೈಟಿಗೋ ಬಾಡಿಗೆ ಮನೆಗೋ ದುಡ್ಡು ಹಾಕಬೇಕು ಅಂತಿರುವವರಿಗೆ ಈ ಪ್ರಶ್ನೆ ಬಿಡಿಸಿಕೊಂಡರೆ ಮಿಕ್ಕಿದ್ದು ಸಲೀಸು.

ಮೊದಲು, ದುಡ್ಡು ಎಲ್ಲಿಂದ ಬರುತ್ತದೆ ಅಂತ ನೋಡಬೇಕು. ಬಾಡಿಗೆ ಬರುವುದು ತಿಂಗಳ ಸಂಬಳದಿಂದ. ಮೆಗ್ಗಾನ್ ಆಸ್ಪತ್ರೆಯ ನರ್ಸು, ಬ್ಯಾಂಕಿನವರು, ಮಾಚೇನಹಳ್ಳಿ ಕೈಗಾರಿಕಾ ಪ್ರದೇಶಕ್ಕೆ ಹೋಗುವ ಹುಡುಗರು, ವರ್ಗವಾಗಿ ಬಂದ ಮೇಷ್ಟ್ರು, ನವುಲೆಯ ಇಂಜಿನಿಯರಿಂಗ್ ಕಾಲೇಜಿಗೋ ಮೆಡಿಕಲ್ ಕಾಲೇಜಿಗೋ ಸೇರಿದ ಮಕ್ಕಳ ಅಪ್ಪ-ಅಮ್ಮ. ಇವರ ಸಂಬಳ ಎಷ್ಟು ಏರುತ್ತೋ ಬಾಡಿಗೆಯೂ ಅಷ್ಟೇ ಏರಬಹುದು, ಅದರ ಮೇಲೆ ಒಂದು ಸಾವಿರ ಕೇಳಿದರೆ ಪಕ್ಕದ ಬೀದಿಗೆ ಹೋಗುತ್ತಾರೆ.

ಸೈಟಿನ ದುಡ್ಡು ಹಾಗಲ್ಲ. ಅದು ಕೂಡಿಟ್ಟ ಗಂಟು. ಅಡಿಕೆಗೆ ಒಳ್ಳೆ ರೇಟು ಸಿಕ್ಕ ವರ್ಷ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ತೋಟದ ಮನೆಯವರು ಶಿವಮೊಗ್ಗದಲ್ಲಿ ಒಂದು ಸೈಟು ನೋಡುತ್ತಾರೆ. ಮಕ್ಕಳ ಓದಿಗಾಯಿತು, ವಯಸ್ಸಾದ ಮೇಲೆ ಆಸ್ಪತ್ರೆಗೆ ಹತ್ತಿರವೂ ಆಯಿತು ಅಂತ. ಈಚೆಗೆ ಎಲೆಚುಕ್ಕಿ ರೋಗದ ಭಯವೂ ಸೇರಿದೆ, ತೋಟ ಕೈಕೊಟ್ಟರೆ ಅಂತ ಅಡಿಕೆ ದುಡ್ಡನ್ನು ಸಿಟಿಯ ಮಣ್ಣಿನಲ್ಲಿ ಹೂಳುವವರು ಜಾಸ್ತಿ. ಜೊತೆಗೆ ಬೆಂಗಳೂರಿನ ಸಾಫ್ಟ್‌ವೇರ್ ಮಕ್ಕಳು. ಅವರಿಗೆ ಅಲ್ಲಿಯ ರೇಟು ನೋಡಿ ಇಲ್ಲಿಯದು ಅಗ್ಗ ಅನ್ನಿಸುತ್ತೆ. ಇವರಲ್ಲಿ ಯಾರೂ ಈ ಸೈಟಿನಿಂದ ತಿಂಗಳಿಗೆ ಎಷ್ಟು ಹುಟ್ಟುತ್ತೆ ಅಂತ ಕೇಳಿ ಕೊಂಡವರಲ್ಲ. ಹಾಗಾಗಿ ಸೈಟಿನ ರೇಟಿಗೂ ಊರಿನ ಸಂಬಳಕ್ಕೂ ಸಂಬಂಧ ಕಡಿಮೆ.

ಇಲ್ಲೊಂದು ತಮಾಷೆ ಇದೆ. ಸೈಟು ತಗೊಂಡವರು ಸುಮ್ನೆ ಕೂರುವುದಿಲ್ಲ, ಮನೆ ಕಟ್ಟುತ್ತಾರೆ, ಕಟ್ಟುವಾಗ "ಮೇಲೊಂದು ಪೋರ್ಷನ್ ಹಾಕಿಬಿಡೋಣ, ಬಾಡಿಗೆ ಬರುತ್ತೆ" ಅನ್ನುತ್ತಾರೆ. ಒಬ್ಬರಲ್ಲ, ಎಲ್ಲರೂ. ಬೊಮ್ಮನಕಟ್ಟೆ ಕಡೆಯಾಗಲಿ, ಮಲ್ಲಿಗೇನಹಳ್ಳಿ ಕಡೆಯಾಗಲಿ ಒಂದು ಸುತ್ತು ಹಾಕಿ, ಹೊಸ ಮನೆಗಳ ಹೊರಗಿನ ಮೆಟ್ಟಿಲು ನೋಡಿ. ಹೊರಗೆ ಮೆಟ್ಟಿಲಿದೆ ಅಂದರೆ ಮೇಲೆ ಬಾಡಿಗೆ ಮನೆ ಅಂತಲೇ ಅರ್ಥ. ಸೈಟಿನ ರೇಟು ಏರಿಸಿದ ಅದೇ ದುಡ್ಡು ಬಾಡಿಗೆ ಮನೆಗಳ ಸಂಖ್ಯೆಯನ್ನೂ ಏರಿಸುತ್ತಿದೆ, ಬಾಡಿಗೆಯನ್ನು ಕೆಳಗೆ ಹಿಡಿದು ಕೂರಿಸಿದೆ. ನನ್ನ ಮಹಡಿ ಖಾಲಿ ಬಿದ್ದದ್ದಕ್ಕೆ ಆಷಾಢ ಅರ್ಧ ಕಾರಣ, ಮಿಕ್ಕರ್ಧ ಇದು.

ಕೆಲಸ ಹೋದರೆ ಬಾಡಿಗೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ, ಭದ್ರಾವತಿ ಇದೆ. ಕಾಗದ ಕಾರ್ಖಾನೆ 2015ರಲ್ಲಿ ನಿಂತಿತು, ಕಬ್ಬಿಣದ ಕಾರ್ಖಾನೆ ಇವತ್ತು ಮುಚ್ಚುತ್ತೆ ನಾಳೆ ಉಳಿಯುತ್ತೆ ಅನ್ನುವ ಸ್ಥಿತಿಯಲ್ಲಿ ವರ್ಷಗಳಿಂದ ಇದೆ. ಒಂದು ಕಾಲಕ್ಕೆ ಅಲ್ಲಿ ಮನೆ ಸಿಗಲು ಶಿಫಾರಸು ಬೇಕಿತ್ತು ಅಂತ ನಮ್ಮ ಮಾವನವರು ಹೇಳುತ್ತಿದ್ದರು. ಬಾಡಿಗೆಗೆ ಮನೆ ಕೊಳ್ಳುವವರು ರಸ್ತೆ, ವಿಮಾನ ಎಲ್ಲ ಆಮೇಲೆ ನೋಡಲಿ, ಮೊದಲು ಒಂದೆರಡು ಕಿಲೋಮೀಟರಿನಲ್ಲಿ ಸಂಬಳ ಕೊಡುವ ಜಾಗ ಎಷ್ಟಿವೆ ಅಂತ ಎಣಿಸಬೇಕು.

ವಿಮಾನ ಅಂದ ಕೂಡಲೇ ಸೋಗಾನೆ ನೆನಪಾಗುತ್ತೆ, ಅಲ್ವಾ? ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು 2023ರ ಫೆಬ್ರವರಿ 27ಕ್ಕೆ, ಬೆಂಗಳೂರಿನ ವಿಮಾನ ಶುರುವಾದದ್ದು ಅದೇ ವರ್ಷ ಆಗಸ್ಟ್ 31ಕ್ಕೆ. ಸುತ್ತಲಿನ ಜಮೀನಿನ ರೇಟು ಮಾತ್ರ ವಿಮಾನ ಹಾರುವ ಎಷ್ಟೋ ವರ್ಷ ಮೊದಲೇ, ಕೆಲಸ ಕುಂಟುತ್ತಾ ಸಾಗುವಾಗಲೇ ಹಾರಿತ್ತು. ಜಾಗದ ವ್ಯಾಪಾರ ಹೀಗೇ. ಸುದ್ದಿ ಬಂದಾಗ ಒಂದು ಸಲ ಏರುತ್ತೆ, ಕೆಲಸ ಶುರುವಾದಾಗ ಇನ್ನೊಂದು ಸಲ, ಉದ್ಘಾಟನೆಯ ದಿನ ಪೇಪರಿನಲ್ಲಿ ಫೋಟೋ ನೋಡಿ ಕೊಂಡವರು ಅಷ್ಟೂ ಏರಿಕೆಯ ಬೆಲೆ ತೆತ್ತು ಕೊಂಡಿರುತ್ತಾರೆ. ಸೋಗಾನೆಯ ಹತ್ತಿರ ಬಾಡಿಗೆಗೆ ಯಾರು ಇರುತ್ತಾರೆ ಅಂತ ಬ್ರೋಕರನ್ನು ಕೇಳಿದರೆ "ಮುಂದೆ ಬರ್ತಾರೆ ಸಾರ್" ಅನ್ನುತ್ತಾರೆ. ಬರಬಹುದು. ಬರುವವರೆಗೆ ನಿಮ್ಮ ದುಡ್ಡಿಗೆ ಬಡ್ಡಿ ಕೊಡುವವರು ಯಾರು?

ಈಗ ಲೆಕ್ಕಕ್ಕೆ ಬರೋಣ. ಅಂಕಿಗಳನ್ನು ಸುಲಭಕ್ಕೆ ನಾನೇ ಇಟ್ಟುಕೊಂಡಿದ್ದೇನೆ, ನಿಮ್ಮದನ್ನು ಹಾಕಿ ನೋಡಿಕೊಳ್ಳಿ. ಸೈಟಿಗೆ 40 ಲಕ್ಷ, ಕಟ್ಟುವುದಕ್ಕೆ 35 ಲಕ್ಷ, ಒಟ್ಟು 75 ಲಕ್ಷ. ಎರಡು ಪೋರ್ಷನ್, ತಲಾ 12 ಸಾವಿರ. ವರ್ಷಕ್ಕೆ 2 ಲಕ್ಷ 88 ಸಾವಿರ. ಕೇಳುವುದಕ್ಕೆ ಚೆನ್ನಾಗಿದೆ, ಆದರೆ 75 ಲಕ್ಷಕ್ಕೆ ಹೋಲಿಸಿದರೆ ಶೇಕಡಾ 3.8. ವರ್ಷದಲ್ಲಿ ಒಂದು ತಿಂಗಳು ಖಾಲಿ ಅಂತ ಇಟ್ಟುಕೊಂಡರೆ 24 ಸಾವಿರ ಹೋಯಿತು. ಕಂದಾಯ, ಬಣ್ಣ, ಪ್ಲಂಬರು, ಮೋಟಾರು, ಬ್ರೋಕರು ಎಲ್ಲ ಸೇರಿ ಒಂದು 44 ಸಾವಿರ ಅನ್ನಿ. ಉಳಿದದ್ದು 2 ಲಕ್ಷ 20 ಸಾವಿರ, ಅಂದರೆ ಶೇಕಡಾ 3ಕ್ಕೂ ಸ್ವಲ್ಪ ಕಮ್ಮಿ. ಇಷ್ಟೇ ದುಡ್ಡನ್ನು ಶೇಕಡಾ 6.5ರ ಠೇವಣಿಯಲ್ಲಿಟ್ಟರೆ ವರ್ಷಕ್ಕೆ 4 ಲಕ್ಷ 87 ಸಾವಿರ ಬರುತ್ತೆ, ಮೋಟಾರು ಸುಟ್ಟಿತು ಅಂತ ರಾತ್ರಿ ಹತ್ತು ಗಂಟೆಗೆ ಯಾರೂ ಬಾಗಿಲು ಬಡಿಯುವುದಿಲ್ಲ.

ಹಾಗಾದರೆ ಬಾಡಿಗೆ ಮನೆ ದಡ್ಡರ ವ್ಯಾಪಾರವೇ? ಅಲ್ಲ. ಒಂದು ವಿಷಯ ಗಮನಿಸಿ. ಬೆಲೆ ಏರುವುದು ಮಣ್ಣಿಗೆ, ಬಾಡಿಗೆ ತರುವುದು ಗೋಡೆ. ಕಟ್ಟಡ ವರ್ಷವರ್ಷ ಹಳೆಯದಾಗುತ್ತದೆ, ಕೆಳಗಿನ ಜಾಗ ಮಾತ್ರ ಏರುತ್ತಿರುತ್ತದೆ. ಮೇಲಿನ ಲೆಕ್ಕ ಕೆಟ್ಟದಾಗಿ ಕಂಡದ್ದು 40 ಲಕ್ಷದ ಮಣ್ಣನ್ನೂ ಬಾಡಿಗೆಯಿಂದಲೇ ತೂಗಿಸಲು ಹೋದದ್ದಕ್ಕೆ. ಅದನ್ನೇ, ಸ್ವಂತ ಮನೆ ಮೊದಲೇ ಇದೆ, ತಳಪಾಯ ತಡೆಯುತ್ತದೆ, ಮೇಲೆ 18 ಲಕ್ಷದಲ್ಲಿ ಒಂದು ಪೋರ್ಷನ್ ಹಾಕಿದೆ ಅಂದುಕೊಳ್ಳಿ. 12 ಸಾವಿರದ ಹಾಗೆ ವರ್ಷಕ್ಕೆ 1 ಲಕ್ಷ 44 ಸಾವಿರ, ಶೇಕಡಾ 8. ಖರ್ಚು ಕಳೆದರೂ ಆರರ ಹತ್ತಿರ ನಿಲ್ಲುತ್ತೆ, ಮುಂದೆ ಬಾಡಿಗೆ ಏರಿದ ಹಾಗೆ ಅದೂ ಏರುತ್ತೆ. ನಮ್ಮಂಥ ಊರಿನಲ್ಲಿ ಬಾಡಿಗೆಗೋಸ್ಕರ ದುಡ್ಡು ಹಾಕುವುದಾದರೆ ನನ್ನ ಕಣ್ಣಿಗೆ ಗಿಟ್ಟುವುದು ಇದೊಂದೇ. ಹೊಸ ಜಾಗ ಕೊಂಡು ಹೊಸ ಮನೆ ಕಟ್ಟಿ ಬಾಡಿಗೆಗೆ ಬಿಡುವವರು ಜಾಗದ ಬೆಲೆ ಏರುತ್ತೆ ಅಂತ ಪಂಥ ಕಟ್ಟಿದ್ದಾರೆ ಅಷ್ಟೇ.

ಮೇಲೆ ಕಟ್ಟುವವರು ನಕ್ಷೆ ಮಂಜೂರಾತಿ ಬಿಡಬೇಡಿ. 2024ರ ಡಿಸೆಂಬರಿನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ರಾಜ್ಯದಲ್ಲಿ ಸ್ವಾಧೀನ ಪತ್ರ, ಅಂದರೆ ನಕ್ಷೆಯ ಪ್ರಕಾರವೇ ಕಟ್ಟಿದೆ, ವಾಸಕ್ಕೆ ಬರಬಹುದು ಅಂತ ಕೊಡುವ ಒ.ಸಿ. ಇಲ್ಲದ ಹೊಸ ಕಟ್ಟಡಗಳಿಗೆ ಕರೆಂಟು ಮೀಟರು ಸಿಗುವುದೇ ಕಷ್ಟವಾಗಿತ್ತು. ಚಿಕ್ಕ ಮನೆಗಳಿಗೆ ಆಮೇಲೆ ಸಡಿಲಿಕೆ ಬಂತು, ಆದರೂ ನಿಮ್ಮದು ಅದರೊಳಗೆ ಬರುತ್ತಾ ಅಂತ ಇಟ್ಟಿಗೆ ತರಿಸುವ ಮೊದಲೇ ಕೇಳಿಕೊಳ್ಳಿ.

ಇನ್ನು 'ಹತ್ತು ವರ್ಷದಲ್ಲಿ ಡಬಲ್' ಅನ್ನುವ ಮಾತು. ಇದನ್ನು ಅಳೆಯಲು ಹಳೆಯ ಉಪಾಯ ಒಂದಿದೆ. 72ನ್ನು ಬಡ್ಡಿ ದರದಿಂದ ಭಾಗಿಸಿ, ಎಷ್ಟು ಬರುತ್ತೋ ಹೆಚ್ಚುಕಮ್ಮಿ ಅಷ್ಟು ವರ್ಷದಲ್ಲಿ ದುಡ್ಡು ಡಬಲ್. ಶೇಕಡಾ 7ಕ್ಕೆ ಹತ್ತು ವರ್ಷ ಚಿಲ್ಲರೆ. ಅಂದರೆ ಹತ್ತು ವರ್ಷದಲ್ಲಿ ಡಬಲ್ ಆಗುವ ಸೈಟು ಒಂದು ಸಾಧಾರಣ ಠೇವಣಿಗೆ ಸಮ. ಅದಕ್ಕಾಗಿ ಕಳೆ ಕೀಳಿಸಬೇಕು, ಕಂದಾಯ ಕಟ್ಟಬೇಕು, ಪಕ್ಕದವರು ಎರಡು ಅಡಿ ಒತ್ತಿಲ್ಲ ತಾನೇ ಅಂತ ಆಗಾಗ ಹೋಗಿ ನೋಡಿ ಬರಬೇಕು. ಐದು ವರ್ಷದಲ್ಲಿ ಡಬಲ್ ಆದರೆ ಮಾತ್ರ ಕಷ್ಟಕ್ಕೆ ಕೂಲಿ ಸಿಕ್ಕ ಹಾಗೆ.

ಕೊಳ್ಳುವ ದಿನವೇ ಆಗುವ ಖರ್ಚನ್ನು ಜನ ಮರೆತೇಬಿಡುತ್ತಾರೆ. ಕರ್ನಾಟಕದಲ್ಲಿ ಸೈಟಿನ ಕ್ರಯಪತ್ರಕ್ಕೆ ಮುದ್ರಾಂಕ ಶುಲ್ಕ ಶೇಕಡಾ 5, ಆ ಶುಲ್ಕದ ಮೇಲೆ ಶೇಕಡಾ 10 ಸೆಸ್, ನಗರದಲ್ಲಾದರೆ ಶೇಕಡಾ 2 ಸರ್‌ಚಾರ್ಜು. ನೋಂದಣಿ ಶುಲ್ಕ ಶೇಕಡಾ 1 ಇತ್ತು, 2025ರ ಆಗಸ್ಟ್ 31ರಿಂದ 2 ಮಾಡಿದ್ದಾರೆ. 40 ಲಕ್ಷದ ಸೈಟಿಗೆ ಹಾಕಿ: 2 ಲಕ್ಷ, 20 ಸಾವಿರ, 4 ಸಾವಿರ, 80 ಸಾವಿರ. ಒಟ್ಟು 3 ಲಕ್ಷ 4 ಸಾವಿರ, ಶೇಕಡಾ 7.6. ಬ್ರೋಕರಿಗೆ ಒಂದೆರಡು ಪರ್ಸೆಂಟು, ವಕೀಲರು, ಬರೆಯುವವರು ಅಂತ ಸೇರಿಸಿದರೆ ಹತ್ತರ ಹತ್ತಿರ ಹೋಗುತ್ತೆ. ಇವತ್ತು ಕೊಂಡು ಹೋದ ವರ್ಷದ ಹಾಗೆ ಏರಿದರೆ ಬರುವ ವರ್ಷ ಮಾರುತ್ತೇನೆ ಅನ್ನುವವರಿಗೆ ಮೊದಲ ಹತ್ತು ಪರ್ಸೆಂಟು ಏರಿಕೆ ಕೈಗೆ ಬರುವುದೇ ಇಲ್ಲ.

ಈ ಶುಲ್ಕ ಯಾವ ಬೆಲೆಯ ಮೇಲೆ? ನೀವು ಕೊಟ್ಟ ಬೆಲೆ, ಸರ್ಕಾರದ ಮಾರ್ಗಸೂಚಿ ಬೆಲೆ, ಎರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ. ಮಾರ್ಗಸೂಚಿ ಬೆಲೆಯನ್ನು ರಾಜ್ಯದಲ್ಲಿ 2023ರ ಅಕ್ಟೋಬರ್ 1ರಿಂದ ಏರಿಸಿದರು. "ಅರ್ಧ ವೈಟು, ಅರ್ಧ ಬ್ಲ್ಯಾಕು" ಅನ್ನುವ ಹಳೆಯ ಚಾಳಿ ಇನ್ನೂ ಹೋಗಿಲ್ಲ, ಗೊತ್ತು. ಆದರೆ ಪತ್ರದಲ್ಲಿ ತೋರಿಸಿದ ಬೆಲೆ ಮಾರ್ಗಸೂಚಿ ಬೆಲೆಗಿಂತ ಶೇಕಡಾ 10ಕ್ಕೂ ಜಾಸ್ತಿ ಕೆಳಗಿದ್ದರೆ ಆ ವ್ಯತ್ಯಾಸಕ್ಕೆ ಕೊಂಡವರೂ ಮಾರಿದವರೂ ಇಬ್ಬರೂ ಆದಾಯ ತೆರಿಗೆ ಕಟ್ಟಬೇಕಾಗುತ್ತದೆ. ಜಾಗದ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕೂ ಮೇಲೆ ನಗದು ತಗೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಮುಂದೆ ನೀವು ಮಾರುವಾಗ ಕೊಂಡ ಬೆಲೆ ಅಂತ ಲೆಕ್ಕಕ್ಕೆ ಬರುವುದು ಪತ್ರದಲ್ಲಿರುವುದು ಮಾತ್ರ. ಬ್ಲ್ಯಾಕಿನಲ್ಲಿ ಕೊಟ್ಟದ್ದೆಲ್ಲ ಆಗ ನಿಮ್ಮ ಲಾಭ ಅಂತ ಕಾಣಿಸುತ್ತೆ.

ಸಾಲದ ವಿಷಯಕ್ಕೆ 2025 ಒಳ್ಳೆಯ ವರ್ಷ. ರಿಸರ್ವ್ ಬ್ಯಾಂಕಿನ ರೆಪೋ ದರ, ಅಂದರೆ ಅದು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, ಎರಡು ವರ್ಷ 6.5ರಲ್ಲಿ ನಿಂತಿತ್ತು, ಫೆಬ್ರವರಿಯಿಂದ ಇಳಿಯುತ್ತಾ ಡಿಸೆಂಬರಿಗೆ 5.25ಕ್ಕೆ ಬಂತು. ಇದು ನಮಗೆ ತಟ್ಟುವುದು ಹೀಗೆ: ಬ್ಯಾಂಕುಗಳು 2019ರ ಅಕ್ಟೋಬರಿನಿಂದ ಕೊಡುವ ಬದಲಾಗುವ ಬಡ್ಡಿಯ ಮನೆ ಸಾಲಗಳನ್ನು ರೆಪೋದಂಥ ಹೊರಗಿನ ದರಕ್ಕೆ ಜೋಡಿಸಿರುತ್ತಾರೆ, ಅದು ಇಳಿದರೆ ಇದೂ ಇಳಿಯಲೇಬೇಕು. 30 ಲಕ್ಷ, 20 ವರ್ಷ, ಶೇಕಡಾ 9ಕ್ಕೆ ಕಂತು ಸುಮಾರು 27 ಸಾವಿರ. ಅದೇ ಶೇಕಡಾ 8ಕ್ಕೆ 25,100ರ ಹತ್ತಿರ. ತುಂಬಾ ಬ್ಯಾಂಕುಗಳು ಕಂತು ಹಾಗೇ ಇಟ್ಟು ವರ್ಷ ಕಡಿಮೆ ಮಾಡುತ್ತವೆ, ಹಾಗಾಗಿ ಇಳಿದದ್ದು ನಿಮಗೆ ಗೊತ್ತೇ ಆಗುವುದಿಲ್ಲ. ನಿಮ್ಮ ಸಾಲ 2019ರ ಅಕ್ಟೋಬರಿಗಿಂತ ಹಳೆಯದಾಗಿದ್ದರೆ ರೆಪೋ ಇಳಿದ ಹಾಗೆ ತಾನಾಗಿ ಇಳಿಯದಿರಬಹುದು, ಬ್ಯಾಂಕಿಗೆ ಹೋಗಿ ರೆಪೋಗೆ ಬದಲಾಯಿಸಿಕೊಡಿ ಅಂತ ಬರೆದುಕೊಡಬೇಕು, ಅದಕ್ಕೊಂದು ಚಿಕ್ಕ ಶುಲ್ಕವಿರುತ್ತೆ. ಇಷ್ಟಾದರೂ 12 ಸಾವಿರದ ಬಾಡಿಗೆ 25 ಸಾವಿರದ ಕಂತಿನ ಅರ್ಧಕ್ಕೇ ನಿಂತಿತು. "ಬಾಡಿಗೆಯಲ್ಲೇ ಸಾಲ ತೀರುತ್ತೆ" ಅನ್ನುವವರ ಮಾತು ಕೇಳಿ ಸಹಿ ಹಾಕಬೇಡಿ.

ಕಂತು ಭಾರವಾದಾಗ ನಮ್ಮ ಕಡೆ ಎಲ್ಲರಿಗೂ ಹೊಳೆಯುವ ದಾರಿ ಭೋಗ್ಯ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕೆಂದರೆ ಎರಡೂ ಕಡೆಯವರು ಇದನ್ನು ಬಾಡಿಗೆಯ ಒಂದು ಬಗೆ ಅಂದುಕೊಂಡಿರುತ್ತಾರೆ. ಒಳಗೆ ನೋಡಿದರೆ ಅದು ಸಾಲ. 8 ಸಾವಿರ ಬಾಡಿಗೆ ಬರುವ ಮನೆಯನ್ನು 6 ಲಕ್ಷಕ್ಕೆ ಮೂರು ವರ್ಷ ಭೋಗ್ಯಕ್ಕೆ ಕೊಟ್ಟಿರಿ ಅಂದುಕೊಳ್ಳೋಣ. ಬಾಡಿಗೆ ಇಲ್ಲ, ಅವಧಿ ಮುಗಿದಾಗ 6 ಲಕ್ಷ ವಾಪಸು. ಮಾಲೀಕರು ಬಿಟ್ಟುಕೊಟ್ಟದ್ದು ವರ್ಷಕ್ಕೆ 96 ಸಾವಿರ. 6 ಲಕ್ಷಕ್ಕೆ 96 ಸಾವಿರ ಅಂದರೆ ಶೇಕಡಾ 16ರ ಬಡ್ಡಿ! ಆ 6 ಲಕ್ಷವನ್ನು ಶೇಕಡಾ 8.5ರ ಮನೆ ಸಾಲಕ್ಕೆ ಕಟ್ಟಿದರೆ ಉಳಿಯುವುದು ವರ್ಷಕ್ಕೆ 51 ಸಾವಿರ ಮಾತ್ರ. ಎಂಟೂವರೆಯ ಸಾಲ ತೀರಿಸಲು ಹದಿನಾರರ ಸಾಲ ತಂದ ಹಾಗಾಯಿತು. ಬ್ಯಾಂಕು ಸಾಲ ಕೊಡದೆ ಮೇಲಿನ ಮಹಡಿಯ ಕೆಲಸ ಅರ್ಧಕ್ಕೆ ನಿಂತಿದ್ದರೆ ಭೋಗ್ಯಕ್ಕೊಂದು ಅರ್ಥವಿದೆ, ಇಲ್ಲದಿದ್ದರೆ ಇಲ್ಲ.

ಇರುವವರ ಕಡೆಯಿಂದ ನೋಡಿದರೆ ಇದು ಲಾಭವೇ, 6 ಲಕ್ಷ ಠೇವಣಿ ಇಟ್ಟರೆ ಸಿಗುತ್ತಿದ್ದದ್ದು 40 ಸಾವಿರದ ಆಸುಪಾಸು, ಉಳಿಯುತ್ತಿರುವುದು 96 ಸಾವಿರ. ಅಪಾಯ ಇರುವುದು ಅಸಲಿನಲ್ಲಿ. ಮಾಲೀಕರ ಹತ್ತಿರ ಆ 6 ಲಕ್ಷ ಇರುವುದಿಲ್ಲ, ಅದು ಆಗಲೇ ಸಿಮೆಂಟು ಕಬ್ಬಿಣವಾಗಿರುತ್ತದೆ. ನಿಮ್ಮದು ಕೊಡಬೇಕಾದರೆ ಇನ್ನೊಬ್ಬರು ಭೋಗ್ಯಕ್ಕೆ ಬರಬೇಕು. ಈ ಮಧ್ಯೆ ಮನೆಯ ಮೇಲೆ ಬ್ಯಾಂಕಿನ ಸಾಲವಿದ್ದು ಕಂತು ತಪ್ಪಿದರೆ ಬ್ಯಾಂಕಿನವರು ಬೀಗ ಹಾಕಲು ಬಂದಾಗ ನಿಮ್ಮ ಬಿಳಿ ಹಾಳೆಯ ಕರಾರನ್ನು ಯಾರೂ ಓದುವುದಿಲ್ಲ. ಮನೆಯ ಮೇಲೆ ನೋಂದಣಿಯಾದ ಅಡಮಾನ ತೋರಿಸುವ ಋಣಭಾರ ಪತ್ರ (ಇಸಿ) ತೆಗೆಸಿ ನೋಡಿ, ಭೋಗ್ಯದ ಪತ್ರ ನೋಂದಣಿ ಮಾಡಿಸಿ. ಖರ್ಚಾಗುತ್ತೆ ಅಂತ ಇಬ್ಬರೂ ಒಪ್ಪುವುದಿಲ್ಲ, ಆದರೂ ಮಾಡಿಸಿ.

ಕಾಗದಪತ್ರದ ವಿಷಯ ಬಂದರೆ ನನಗೆ ಮೈ ಉರಿಯುತ್ತದೆ, ಯಾಕೆಂದರೆ ನಾನೂ ಏಟು ತಿಂದವನು. ಊರಾಚೆ ಒಂದು ಕಡೆ ಕಲ್ಲು ನೆಟ್ಟು, ಸುಣ್ಣದ ಗೆರೆ ಹಾಕಿ, ಬಾಳೆಕಂಬ ಕಟ್ಟಿ ಸೈಟು ಮಾರುತ್ತಿದ್ದರು. ರೇಟು ಕಮ್ಮಿ. ಒಂದು ಭಾನುವಾರ ಹೋಗಿ, ಉಪ್ಪಿಟ್ಟು ತಿಂದು, ಅಡ್ವಾನ್ಸ್ ಕೊಟ್ಟು ಬಂದೆ. ಆಮೇಲೆ ನೋಡಿದರೆ ಅದು ಇನ್ನೂ ಪಹಣಿಯಲ್ಲಿ ಭತ್ತದ ಗದ್ದೆ. ಭೂ ಪರಿವರ್ತನೆ ಆಗಿಲ್ಲ, ಸೂಡಾದ, ಅಂದರೆ ನಗರಾಭಿವೃದ್ಧಿ ಪ್ರಾಧಿಕಾರದ, ಲೇಔಟ್ ಅನುಮೋದನೆ ಇಲ್ಲ. ಇದಕ್ಕೇ ರೆವಿನ್ಯೂ ಸೈಟು ಅನ್ನುವುದು. ಹಿಂದೆಲ್ಲ ಇವು ಕ್ರಯಪತ್ರವಿಲ್ಲದೆ ಬರೀ ಜಿಪಿಎ (ಅಧಿಕಾರ ಪತ್ರ) ಮೇಲೆ ಕೈಯಿಂದ ಕೈಗೆ ಹೋಗುತ್ತಿದ್ದವು, ಜಿಪಿಎಯಿಂದ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟು 2011ರಲ್ಲೇ ಹೇಳಿಯಾಗಿದೆ. 2024ರ ಅಕ್ಟೋಬರಿನಿಂದ ನೋಂದಣಿಗೆ ಇ-ಖಾತಾ, ಅಂದರೆ ಸ್ವತ್ತಿನ ಕಂದಾಯದ ಕಂಪ್ಯೂಟರ್ ದಾಖಲೆ, ಕಡ್ಡಾಯ ಮಾಡಿದ ಮೇಲೆ ಆ ಆಟ ಮೊದಲಿನಷ್ಟು ಸಲೀಸಲ್ಲ. ಇ-ಖಾತಾ ಇಲ್ಲದಿದ್ದರೆ ನೋಂದಣಿ ಕಚೇರಿಯ ಕಾವೇರಿ ತಂತ್ರಾಂಶ ಮುಂದಕ್ಕೇ ಹೋಗುವುದಿಲ್ಲ. ನನ್ನ ಅಡ್ವಾನ್ಸಿನಲ್ಲಿ ಅರ್ಧ ವಾಪಸು ಬಂತು, ಮಿಕ್ಕರ್ಧ ಉಪ್ಪಿಟ್ಟಿನ ಬೆಲೆ ಅಂದುಕೊಂಡಿದ್ದೇನೆ.

ಈಗ ಕೇಳಬೇಕಾದ ಪ್ರಶ್ನೆ ಸುಲಭವಾಗಿದೆ. ನಗರದ ಒಳಗಾದರೆ ಇ-ಖಾತಾ ಯಾವುದು, ಎ ನಾ ಬಿ ನಾ? ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಇದೆಯಾ, ಅಥವಾ 11ಬಿ ಕೈಗೆ ಕೊಡುತ್ತಿದ್ದಾರಾ? ಬಿ-ಖಾತಾ, 11ಬಿ ಎರಡೂ ನಿಯಮದ ಆಚೆ ಇರುವ ಸ್ವತ್ತಿನ ಲೆಕ್ಕ. 2025ರ ಫೆಬ್ರವರಿಯಿಂದ ರಾಜ್ಯದ ನಗರಗಳಲ್ಲಿ ಅನಧಿಕೃತ ಸ್ವತ್ತುಗಳಿಗೂ ಬಿ-ಖಾತಾ ಕೊಡುವ ಅಭಿಯಾನ ನಡೆಯಿತು, ಆಗ ಊರಲ್ಲೆಲ್ಲ "ಸಕ್ರಮ ಆಯ್ತಂತೆ" ಅನ್ನುವ ಮಾತು ಹಬ್ಬಿತು. ಆಗಿದ್ದು ಕಂದಾಯದ ಪುಸ್ತಕಕ್ಕೆ ಸೇರಿದ್ದು. ಬ್ಯಾಂಕಿನವರು ಸಾಲಕ್ಕೆ ಹಿಂದೆಮುಂದೆ ನೋಡುತ್ತಾರೆ, ನಕ್ಷೆಗೂ ತೊಡಕು, ಮಾರುವಾಗ ಬೆಲೆಯೂ ಕಮ್ಮಿ. ನಿಯಮಗಳು ಆಗಾಗ ಬದಲಾಗುತ್ತಿವೆ, ಅದಕ್ಕೇ ಬ್ರೋಕರ ಬಾಯಿಯಿಂದ ಕೇಳದೆ ಪಾಲಿಕೆಗೇ ಹೋಗಿ ಕೇಳುವುದು ಒಳ್ಳೆಯದು. ಇನ್ನೊಂದು ಕೆಲಸ ಸೈಟಿನಲ್ಲಿ ನಿಂತೇ ಮಾಡಬಹುದು. ರಾಜ್ಯ ಸರ್ಕಾರದ 'ದಿಶಾಂಕ್' ಆ್ಯಪ್ ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರು, ಹತ್ತಿರ ಕೆರೆ ಹಳ್ಳ ಇದೆಯಾ ಅನ್ನುವುದು ಕಾಣುತ್ತದೆ. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ತಗ್ಗಿನ ಬಡಾವಣೆಗಳಿಗೆ ನುಗ್ಗಿದ್ದನ್ನು ನೋಡಿದವರಿಗೆ ಇದರ ಬೆಲೆ ಹೇಳಬೇಕಿಲ್ಲ.

ಸಿಟಿ ಬಿಟ್ಟು ಘಟ್ಟದ ಕಡೆ ಹೋದರೆ ಕಥೆಯೇ ಬೇರೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಆಗಿನಿಂದ ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆ ಹೋಮ್‌ಸ್ಟೇ ಕನಸು ಹೊತ್ತ ಬೆಂಗಳೂರಿನ ಕಾರುಗಳು ಜಾಸ್ತಿ. ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು-ಕಳಸವಳ್ಳಿ ನಡುವೆ 2.44 ಕಿಲೋಮೀಟರಿನ ಸೇತುವೆ 2025ರ ಜುಲೈ 14ಕ್ಕೆ ಓಡಾಟಕ್ಕೆ ತೆರೆದ ಮೇಲೆ ಸಿಗಂದೂರು, ತುಮರಿ ಕಡೆ ಜಾಗ ವಿಚಾರಿಸುವವರೂ ಹೆಚ್ಚಿದ್ದಾರೆ. ಲಾಂಚಿಗೆ ಕಾದು ಕೂರುತ್ತಿದ್ದ ಕಡೆ ಈಗ ಐದು ನಿಮಿಷ. ಆಸೆ ಹುಟ್ಟುವುದು ಸಹಜ.

ಆದರೆ ಮಲೆನಾಡಿನಲ್ಲಿ ಕಣ್ಣಿಗೆ ಕಾಣುವ ಜಾಗ ಬೇರೆ, ಪಹಣಿಯಲ್ಲಿರುವ ಜಾಗ ಬೇರೆ. "ಐದು ಎಕರೆ ಸಾರ್" ಅಂತ ಗುಡ್ಡದ ಮೇಲೆ ನಿಂತು ಕೈ ತೋರಿಸುತ್ತಾರೆ. ಅದರಲ್ಲಿ ಎರಡು ಎಕರೆ ತೋಟ ಪಹಣಿಯದು, ಮಿಕ್ಕ ಮೂರು ಸೊಪ್ಪಿನ ಬೆಟ್ಟ. ಬೆಟ್ಟ ಸರ್ಕಾರದ್ದು. ತೋಟಕ್ಕೆ ಸೊಪ್ಪು ದರಗು ತರುವ ಹಕ್ಕಷ್ಟೇ ತೋಟದವರದ್ದು, ಅಲ್ಲಿ ಕಾಟೇಜು ಕಟ್ಟುವ ಹಾಗಿಲ್ಲ. ಕಾನು, ಗೋಮಾಳ, ಬಗರ್ ಹುಕುಂ ಸಾಗುವಳಿ, ಮಂಜೂರಾದರೂ ಇಷ್ಟು ವರ್ಷ ಪರಭಾರೆ ಮಾಡುವಂತಿಲ್ಲ ಅನ್ನುವ ಷರತ್ತಿನ ಜಮೀನು, ಹೀಗೆ ಹತ್ತು ಬಗೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ 1978ರ ಕಾಯ್ದೆಯ ಪ್ರಕಾರ ಕ್ರಯ ಊರ್ಜಿತವಲ್ಲ. 2023ರ ತಿದ್ದುಪಡಿಯ ನಂತರ "ತುಂಬಾ ವರ್ಷವಾಯಿತು" ಅನ್ನುವ ನೆಪವನ್ನೂ ನೆಚ್ಚಿಕೊಳ್ಳುವ ಹಾಗಿಲ್ಲ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿಗೆ ಮನೆ ಕಳೆದುಕೊಂಡವರಿಗೆ ಕೊಟ್ಟ ಜಾಗಗಳ ಹಕ್ಕುಪತ್ರದ ಗೊಂದಲವೇ ಇನ್ನೂ ಪೂರ್ತಿ ಬಗೆಹರಿದಿಲ್ಲ, ಅಂಥ ಜಾಗವನ್ನು ಹೊರಗಿನವರು ಕೊಂಡು ನೆಮ್ಮದಿಯಾಗಿರುತ್ತೇವೆ ಅನ್ನುವುದು ಹುಂಬತನ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು 2024ರ ಜುಲೈನಲ್ಲಿ ಆರನೇ ಸಲ ಬಂತು, ರಾಜ್ಯ ಸಂಪುಟ ಸೆಪ್ಟೆಂಬರಿನಲ್ಲಿ ಬೇಡ ಅಂದಿತು. ಕರಡಿನ ತಡೆ ಮುಖ್ಯವಾಗಿ ಗಣಿ, ದೊಡ್ಡ ಕಟ್ಟಡ, ಟೌನ್‌ಶಿಪ್ಪುಗಳಿಗೆ, ಚಿಕ್ಕ ಮನೆಗಲ್ಲ. ಆದರೂ ರೆಸಾರ್ಟು ಕಟ್ಟುತ್ತೇನೆ ಅಂತ ಹೊರಟವರು ಆ ಕರಡಿನ ಹಳ್ಳಿಗಳ ಪಟ್ಟಿಯಲ್ಲಿ ತಮ್ಮ ಊರಿದೆಯಾ ನೋಡಿಕೊಳ್ಳುವುದು ಒಳಿತು.

ಮನೆ ಬಾಡಿಗೆಗೆ ಕೊಡುವವರಿಗೆ ಇನ್ನು ನಾಲ್ಕು ಮಾತು. ಕರಾರು ಯಾಕೆ 11 ತಿಂಗಳಿಗೆ? ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು ಅಂತ 1908ರ ನೋಂದಣಿ ಕಾಯ್ದೆ ಹೇಳುತ್ತದೆ, ಅದನ್ನು ತಪ್ಪಿಸಲು 11. ಬಾಡಿಗೆದಾರರು ಹತ್ತು ವರ್ಷ ಇದ್ದರೆ ಮನೆ ಅವರದ್ದೇ ಆಗಿಬಿಡುತ್ತೆ ಅನ್ನುವ ಭಯಕ್ಕೂ ಇದಕ್ಕೂ ಸಂಬಂಧವಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ಇರುವುದು ತೀರಾ ಕಡಿಮೆ ಬಾಡಿಗೆಯ ಮನೆಗಳಿಗೆ. ಅದರ ಮಿತಿ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಬೇರೆ ಕಡೆ 2,000. ಇವತ್ತಿನ ಬಾಡಿಗೆಯೆಲ್ಲ ಅದರ ಆಚೆ. ಆಗ ನಡೆಯುವುದು ನಿಮ್ಮ ಕರಾರಿನಲ್ಲಿ ಬರೆದದ್ದು, ಬರೆಯದಿದ್ದರೆ ತಿಂಗಳ ಬಾಡಿಗೆಗೆ 15 ದಿನದ ನೋಟಿಸು. ಸುಣ್ಣಬಣ್ಣಕ್ಕೆ ಅಡ್ವಾನ್ಸಿನಲ್ಲಿ ಎಷ್ಟು ಮುರಿದುಕೊಳ್ಳುತ್ತೀರಿ ಅನ್ನುವುದನ್ನೂ ಅದರಲ್ಲೇ ಬರೆಯಿರಿ. ಜಗಳವಾಗುವುದು ಯಾವಾಗಲೂ ಅದಕ್ಕೇ.

ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ, ಆದರೆ ಹಳಬರು ಖಾಲಿ ಮಾಡುವಾಗ ತಮ್ಮ ಆಧಾರ್ ಜೋಡಣೆ ಬಿಡಿಸಿಕೊಂಡು ಹೋಗಬೇಕು. ಅದು ಆಗದಿದ್ದರೆ ಹೊಸಬರಿಗೆ ಪೂರ್ತಿ ಬಿಲ್ಲು, ಬೈಗುಳ ನಿಮಗೆ. ಅಡ್ವಾನ್ಸ್ ವಾಪಸು ಕೊಡುವ ದಿನವೇ ಇದನ್ನೂ ಮುಗಿಸಿ. ತೆರಿಗೆಯ ಕಡೆ, ಬಂದ ಬಾಡಿಗೆಯಲ್ಲಿ ಕಟ್ಟಿದ ಕಂದಾಯ ಕಳೆದು, ಉಳಿದದ್ದರಲ್ಲಿ ಶೇಕಡಾ 30 ರಿಪೇರಿಗೆ ಅಂತ ಸುಮ್ನೆ ಬಿಡುತ್ತಾರೆ, ನೀವು ಒಂದು ಮೊಳೆ ಹೊಡೆಯದಿದ್ದರೂ. 1 ಲಕ್ಷ 44 ಸಾವಿರ ಬಂದು 4 ಸಾವಿರ ಕಂದಾಯ ಕಟ್ಟಿದ್ದರೆ ತೆರಿಗೆಗೆ ಲೆಕ್ಕ ಹಿಡಿಯುವುದು 98 ಸಾವಿರ. ಮಾರುವವರಿಗೆ, 2024ರ ಜುಲೈ 23ಕ್ಕೆ ಮೊದಲೇ ಕೊಂಡ ಜಾಗವಾದರೆ ಲಾಭದ ಮೇಲೆ ನೇರವಾಗಿ ಶೇಕಡಾ 12.5 ಅಥವಾ ಹಣದುಬ್ಬರ ಕಳೆದು ಶೇಕಡಾ 20, ಯಾವುದು ಕಮ್ಮಿಯೋ ಅದು. ರೇಟು ಭರ್ರನೆ ಏರಿದ ಜಾಗಕ್ಕೆ ಮೊದಲನೆಯದು, ನಿಧಾನಕ್ಕೆ ಏರಿದ್ದಕ್ಕೆ ಎರಡನೆಯದು ಸಾಮಾನ್ಯವಾಗಿ ಗಿಟ್ಟುತ್ತದೆ.

ಮಳೆಯ ಖರ್ಚನ್ನು ಬೆಂಗಳೂರಿನ ಲೆಕ್ಕದಲ್ಲಿ ಹಿಡಿಯಬೇಡಿ. ಇಲ್ಲಿ ತಾರಸಿ ಬಿಟ್ಟರೆ ಸೋರುತ್ತೆ, ಗೋಡೆಗೆ ಬೂಷ್ಟು ಹಿಡಿಯುತ್ತೆ, ಬಟ್ಟೆ ಒಣಗುವುದಿಲ್ಲ. ಅದಕ್ಕೇ ನಮ್ಮಲ್ಲಿ ಒಳ್ಳೆಯ ಆರ್‌ಸಿಸಿ ಮೇಲೂ ಶೀಟು ಹೊದಿಸುವುದು. ನಾನು ಹೊದಿಸುವಾಗ ದಂಡ ಅಂತ ಗೊಣಗಿದ್ದೆ. ಈ ಸಲ ಮನೆ ನೋಡಲು ಬಂದವರು ಹಾಲ್ ನೋಡುವ ಮೊದಲು ಕೇಳಿದ್ದೇ "ಮೇಲೆ ಬಟ್ಟೆ ಒಣಗಿಸೋಕೆ ಶೀಟಿದೆಯಾ?" ಅಂತ.

ಅವರು ಬಂದದ್ದು ಶ್ರಾವಣದಲ್ಲಿ. ಎರಡು ತಿಂಗಳು ಖಾಲಿ ಬಿದ್ದು 24 ಸಾವಿರ ಹೋಗಿತ್ತು. 12 ಸಾವಿರ ಹೇಳಿದೆ, 11,500ಕ್ಕೆ ಕೇಳಿದರು. ಹಳೆಯ ನಾನಾಗಿದ್ದರೆ ಆಗಲ್ಲ ಅನ್ನುತ್ತಿದ್ದೆ. ತಿಂಗಳಿಗೆ 500ರ ಹಾಗೆ 11 ತಿಂಗಳಿಗೆ ಬಿಟ್ಟುಕೊಡುವುದು 5,500, ಇನ್ನೊಂದು ತಿಂಗಳು ಕಾದರೆ ಕಳೆದುಕೊಳ್ಳುವುದು 12 ಸಾವಿರ. ಕೀ ಕೊಟ್ಟೆ. ಕರಾರನ್ನು ಮಾತ್ರ ಹತ್ತು ತಿಂಗಳಿಗೆ ಬರೆಸಿದ್ದೇನೆ. ಖಾಲಿ ಮಾಡುವುದಾದರೆ ಆಷಾಢಕ್ಕೆ ಮೊದಲೇ ಮಾಡಲಿ.